ಕಾರ್ ಶೆಡ್ಡಿನ ಶಟರ್‌ಗೆ ಎಷ್ಟು ಅಗಲ, ಎಷ್ಟು ಎತ್ತರ ಬಿಡೋದು? ಮುಂದಿನ ವಾರ ಲಿಂಟಲ್ ಇದೆ

ಕೋಣಂದೂರು ಕಡೆಯವ:
ಎಲ್ರಿಗೂ ನಮಸ್ಕಾರ. ಕೋಣಂದೂರು ಹತ್ರ ಮನೆ ಕಟ್ಟಿಸ್ತಾ ಇದೀವಿ, ಮನೆಗೆ ತಾಗಿಕೊಂಡೇ ಕಾರ್ ಶೆಡ್. ಜಂಬಿಟ್ಟಿಗೆ ಗೋಡೆ, ಮೇಲೆ ಕಬ್ಬಿಣದ ಪೈಪ್ ಕೂರಿಸಿ ಹೆಂಚು. ಒಳಗಿನ ಅಳತೆ 11 ಅಡಿ ಅಗಲ, 18 ಅಡಿ ಉದ್ದ. ಮುಂದುಗಡೆ ಶಟರ್ ಹಾಕಿಸೋದು ಅಂತ. ಮೇಸ್ತ್ರಿ 8 ಅಡಿ ಅಗಲ 7 ಅಡಿ ಎತ್ತರ ಬಿಟ್ಟು ಎರಡು ಕಡೆ ಕಲ್ಲು ಕಟ್ಟಿ ಆಗಿದೆ, ಎಲ್ರ ಮನೇಲೂ ಇಷ್ಟೇ ಅಂತಾರೆ. ನಾನು ನೆಟ್‌ನಲ್ಲಿ ನೋಡಿದ್ರೆ ಒಂದು ಕಾರಿಗೆ 9 ಅಡಿ 7 ಅಡಿ ಅಂತ ಚಾರ್ಟ್ ಸಿಕ್ತು. ಈಗ ಇರೋದು ನನ್ನ ಸ್ವಿಫ್ಟು ಮತ್ತೆ ಅಪ್ಪನ ಬೊಲೆರೊ, ಶೆಡ್ಡಿಗೆ ಬರೋದು ಬೊಲೆರೊನೇ, ಸ್ವಿಫ್ಟು ನಾನು ಊರಿಗೆ ಬಂದಾಗ ಮಾತ್ರ. ರಸ್ತೆಯಿಂದ ಶೆಡ್ಡಿಗೆ ಇಳಿಜಾರು, ಜೊತೆಗೆ ಅಂಗಳದಲ್ಲಿ ಒಂದು ತಿರುವು ತಗೊಂಡು ಒಳಗೆ ಹೋಗಬೇಕು. ಮುಂದಿನ ವಾರ ಲಿಂಟಲ್, ಅಂದ್ರೆ ಬಾಗಿಲ ಮೇಲಿನ ಅಡ್ಡ ಕಾಂಕ್ರೀಟು, ಹಾಕ್ತಾರೆ, ಅದು ಹಾಕಿದ ಮೇಲೆ ಏನೂ ಮಾಡಕ್ಕಾಗಲ್ಲ. 8 ಸಾಕಾ, 9 ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಬಿಳಿ ಬೊಲೆರೊ, ಹೊಸನಗರ:
8 ಅಡಿ ಮಾತ್ರ ಬೇಡ ಮಾರಾಯ್ರೆ. ನಮ್ಮನೇಲಿ ಅದನ್ನೇ ಮಾಡಿ ಐದು ವರ್ಷದಿಂದ ಅನುಭವಿಸ್ತಾ ಇದೀವಿ. 8 ಅಡಿ ಅಂತ ಕಲ್ಲು ಬಿಟ್ರು, ಶಟರ್‌ನೋರು ಬಂದು ಗೋಡೆ ಮಧ್ಯಕ್ಕೇ ಚಾನೆಲ್ (ಶಟರ್ ಜಾರೋ ಕಬ್ಬಿಣದ ಹಳಿ) ಕೂರಿಸಿದ್ರು, ಆ ಕಡೆ 3 ಇಂಚು ಈ ಕಡೆ 3 ಇಂಚು ಹೋಯ್ತು, ಉಳಿದಿದ್ದು ಏಳೂವರೆ. ಬೊಲೆರೊ ಅಗಲ ಕಂಪನಿ ಲೆಕ್ಕದಲ್ಲಿ 1745 ಮಿಲಿಮೀಟರ್, ಅಂದ್ರೆ ಐದಡಿ ಒಂಬತ್ತು ಇಂಚು, ಬೇಕಾದಷ್ಟಾಯ್ತಲ್ಲ ಅಂತ ನಮಗೂ ಅನ್ನಿಸಿತ್ತು. ಆದ್ರೆ ಆ ಲೆಕ್ಕದಲ್ಲಿ ಕನ್ನಡಿ ಸೇರಿರಲ್ಲ. ಕನ್ನಡಿ ಹೊರಗೆ ಬಿಡಿಸಿಟ್ಟು ನಾನೇ ಟೇಪ್ ಹಿಡಿದೆ, ಏಳಡಿ ಹತ್ರ ಹತ್ರ ಬಂತು. ಅಂದ್ರೆ ಒಂದೊಂದು ಕಡೆ ಮೂರು ಮೂರೂವರೆ ಇಂಚು ಜಾಗ ಅಷ್ಟೇ. ಹಗಲು ಹೆಂಗೋ ಆಗ್ತದೆ. ಆಷಾಢದಲ್ಲಿ ಮಳೆ ಹೊಡೀತಾ ಕರೆಂಟು ಇಲ್ದೆ ಕತ್ತಲಲ್ಲಿ ರಿವರ್ಸ್ ತಗೊಳ್ಳೋವಾಗ ಎಡಗಡೆ ಕನ್ನಡಿ ಎರಡು ಸಲ ಹೋಯ್ತು, ಒಂದು ಸಲ ಚಾನೆಲ್ಲೇ ಬಗ್ಗಿ ಶಟರ್ ಅರ್ಧಕ್ಕೆ ಸಿಕ್ಕಿಹಾಕ್ಕೊಂಡು ಮೂರು ದಿನ ಗಾಡಿ ಒಳಗೇ ಉಳೀತು. ಆಗ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದಿತ್ತು, ಪಕ್ಕದ ಮನೆಯೋರ ಓಮ್ನಿ ಕೇಳ್ಕೊಂಡು ಹೋದ್ವಿ.

ವಿನೋಬನಗರ 30-40:
ನಾನು ಶಿವಮೊಗ್ಗ ಟೌನು, 30-40 ಸೈಟು, ನಮ್ದು ಶಟರ್ ಅಲ್ಲ ಗೇಟು, ಆದ್ರೂ ಒಂದು ಮಾತು ಹೇಳ್ತೀನಿ. ಅಗಲ ಎಷ್ಟು ಬೇಕು ಅನ್ನೋದು ಕಾರಿನ ಅಗಲದ ಮೇಲೆ ಮಾತ್ರ ನಿಂತಿಲ್ಲ, ನೀವು ಹೆಂಗೆ ತಿರುಗಿ ಒಳಗೆ ಹೋಗ್ತೀರಿ ಅನ್ನೋದರ ಮೇಲೂ ಇದೆ. ನೇರ ರಸ್ತೆಯಿಂದ ನೇರ ಒಳಗೆ ಹೋಗೋದಾದ್ರೆ 9 ಅಡಿ ಸಾಕು. ಪಕ್ಕದಿಂದ ಬಂದು 90 ಡಿಗ್ರಿ ತಿರುಗಿಸಬೇಕು ಅಂದ್ರೆ ಹಿಂದಿನ ಚಕ್ರ ಮುಂದಿನ ಚಕ್ರ ಹೋದ ದಾರೀಲಿ ಬರಲ್ಲ, ಒಳಗಡೆ ಕೊಯ್ಕೊಂಡು ಬರುತ್ತೆ, ಆಗ ಹಿಂದಿನ ಬಾಗಿಲು ಕಂಬಕ್ಕೆ ಉಜ್ಜುತ್ತೆ. ಹೊಸ ಸ್ವಿಫ್ಟ್ ಟರ್ನಿಂಗ್ ರೇಡಿಯಸ್, ಅಂದ್ರೆ ಪೂರ್ತಿ ತಿರುಗೋ ವೃತ್ತದ ತ್ರಿಜ್ಯ, 4.8 ಮೀಟರ್, ಸಣ್ಣ ಕಾರೇ, ಅದಕ್ಕೂ ನಮ್ಮ ಬೀದೀಲಿ ಎದುರು ಮನೆಯವರ ಗಾಡಿ ನಿಂತಿದ್ರೆ ಒಂದೇ ಏಟಿಗೆ ಒಳಗೆ ಹೋಗಕ್ಕಾಗಲ್ಲ. ನಾವು ಮೊದಲು 9 ಅಡಿ ಗೇಟ್ ಇಟ್ಟಿದ್ವಿ, ಆಮೇಲೆ ಒಂದು ಕಂಬ ಒಡೆಸಿ 11 ಮಾಡಿದ್ವಿ, ಕಾಂಪೌಂಡ್ ಕಲ್ಲು, ಗ್ರಾನೈಟು, ಗೇಟು ಎಲ್ಲಾ ಎರಡೆರಡು ಸಲದ ಖರ್ಚು.

ಕೋಣಂದೂರು ಕಡೆಯವ:
ಚಾನೆಲ್ ಒಳಗೆ ಜಾಗ ತಿಂತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಮೇಸ್ತ್ರಿನೂ ಹೇಳ್ಲಿಲ್ಲ. ಹಂಗಾದ್ರೆ 9 ಅಡಿ 7 ಅಡಿ ಚಾರ್ಟ್ ಸರಿನಾ?

ಮಗ ಹೊರಗಿದಾನೆ, ತೀರ್ಥಹಳ್ಳಿ:
ಆ ಚಾರ್ಟ್ ಅಮೆರಿಕದ್ದು ಕಣಪ್ಪ. ಮಗನ ಮನೇಲಿ ಆರು ತಿಂಗಳು ಇದ್ದು ಬಂದಿದೀನಿ, ಅಲ್ಲಿ ಒಂದು ಕಾರಿಗೆ 8 ಅಥವಾ 9 ಅಡಿ ಅಗಲ 7 ಅಡಿ ಎತ್ತರ, ಎರಡು ಕಾರಿಗೆ 16 ಅಡಿ ಅಗಲ 7 ಅಡಿ ಎತ್ತರ, ಅದು ಅಲ್ಲಿನ ಮಾಮೂಲಿ ಅಳತೆ. ದೊಡ್ಡ ಗಾಡಿ ಇರೋರು ಎತ್ತರ 8 ಅಡಿ ಹಾಕಿಸ್ತಾರೆ. ಆದ್ರೆ ಅಲ್ಲಿ ಬಾಗಿಲು ಸುತ್ತಿಕೊಳ್ಳಲ್ಲ, ನಾಲ್ಕೈದು ಅಗಲ ಹಲಗೆ ಜೋಡಿಸಿದ ಹಂಗಿರ್ತದೆ, ಹಳಿ ಮೇಲೆ ಜಾರಿ ಮಾಡಿನ ಅಡಿಗೆ ಅಡ್ಡ ಮಲಗ್ತದೆ. ಹಳಿ ಗೋಡೆಯ ಒಳಮೈಗೆ ಇರೋದ್ರಿಂದ 9 ಅಡಿ ಅಂದ್ರೆ ಪೂರಾ 9 ಅಡಿ ಸಿಗ್ತದೆ. ನಮ್ಮಲ್ಲಿ ಶಟರ್ ಲಿಂಟಲ್ ಹತ್ರ ಉಂಡೆಯಾಗಿ ಸುತ್ತಿಕೊಳ್ತದೆ. ಎರಡರ ಅಳತೆ ಲೆಕ್ಕ ಬೇರೆ ಬೇರೆ, ಚಾರ್ಟ್ ನೋಡಿ ಕಲ್ಲು ಬಿಡಬೇಡಿ.

ಶಟರ್ ಕೆಲಸ, ಸಾಗರ:
ಇಪ್ಪತ್ತು ವರ್ಷದಿಂದ ಇದೇ ಕೆಲಸ ನಂದು, ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ. ಶಟರ್ ಕೂರಿಸೋಕೆ ಮೂರು ಜಾಗ ಇದೆ. ಒಂದು ಲಿಂಟಲ್ ಕೆಳಗೆ ಕಿಂಡಿ (ಶಟರ್‌ಗೆ ಅಂತ ಬಿಟ್ಟ ಜಾಗ) ಒಳಗೇ, ಎರಡು ಗೋಡೆಯ ಹೊರಮೈಗೆ, ಮೂರು ಗೋಡೆಯ ಒಳಮೈಗೆ. ಕಿಂಡಿ ಒಳಗೆ ಕೂರಿಸಿದ್ರೆ ಅಗಲದಲ್ಲಿ ಎರಡು ಕಡೆ ಸೇರಿ ಅರ್ಧ ಅಡಿ ಹೋಗ್ತದೆ, ಎತ್ತರದಲ್ಲಿ ಉಂಡೆಗೆ ಅಂತ ಒಂದು ಒಂದೂಕಾಲು ಅಡಿ ಹೋಗ್ತದೆ, ಹೊಸನಗರದೋರಿಗೆ ಆಗಿದ್ದು ಅದೇ. ಹೊರಮೈಗೆ ಕೂರಿಸೋದು ಪೇಟೆ ಅಂಗಡಿಗೆ ಸರಿ, ನಮ್ಮ ಮಲೆನಾಡಿನ ಮನೆಗೆ ನಾನು ಹಾಕಿಕೊಡಲ್ಲ, ಉಂಡೆ ಮೇಲೆ ಎಷ್ಟೇ ಹುಡ್, ತಗಡಿನ ಹೊದಿಕೆ, ಮುಚ್ಚಿದ್ರೂ ಗಾಳಿ ಮಳೆ ಎರಚಲು ಉಂಡೆ ಒಳಗೆ ಹೋಗಿ ಸ್ಪ್ರಿಂಗ್ ತುಕ್ಕು ಹಿಡೀತದೆ, ನಾಲ್ಕು ಮಳೆಗಾಲದಲ್ಲಿ ಎತ್ತಕ್ಕಾಗಲ್ಲ. ಒಳಮೈಗೆ ಕೂರಿಸಿ, ಕಲ್ಲು ಬಿಟ್ಟ ಅಳತೆ ಪೂರ್ತಿ ಸಿಗ್ತದೆ, ಸ್ಪ್ರಿಂಗೂ ಒಣಗಿರ್ತದೆ. ಆದ್ರೆ ಅದಕ್ಕೆ ಎರಡು ಶರ್ತ. ಕಿಂಡಿ ಪಕ್ಕ ಒಳಗಡೆ ಒಂದೊಂದು ಕಡೆ ಕಮ್ಮಿ ಅಂದ್ರೂ 5-6 ಇಂಚು ಗೋಡೆ ಬೇಕು, ಚಾನೆಲ್ಲಿಗೂ ಬ್ರಾಕೆಟ್ಟಿಗೂ. ಮತ್ತೆ ಕಿಂಡಿಯ ಮೇಲ್ತುದಿಯಿಂದ ಮಾಡಿನ ಪೈಪಿನವರೆಗೆ ಒಂದೂವರೆ ಅಡಿ ಖಾಲಿ ಬೇಕು. ಹೆಂಚಿನ ಮಾಡು ಅಂತೀರಿ, ಮುಂದಿನ ಕಡೆಗೆ ಇಳಿದಿದ್ರೆ ಅಲ್ಲೇ ಎತ್ತರ ಕಮ್ಮಿ ಇರ್ತದೆ, ಮೊದಲು ಅದನ್ನ ಅಳೆಯಿರಿ.

ಇನ್ನೊಂದು, ಶಟರ್ ಎತ್ತಿದಾಗ ಕೆಳಗಿನ ಪಟ್ಟಿ, ಬೀಗದ ಕೊಂಡಿ ಇರೋದು, ಪೂರ್ತಿ ಒಳಗೆ ಹೋಗಲ್ಲ, ಮೂರು ನಾಲ್ಕು ಇಂಚು ಕೆಳಗೇ ಇರ್ತದೆ. ವರ್ಷ ಕಳೆದು ಸ್ಪ್ರಿಂಗ್ ಸಡಿಲ ಆದಂಗೆ ಇನ್ನೂ ಇಳೀತದೆ. 7 ಅಡಿ ಅಂದ್ರೆ ಗಾಡಿಗೆ ಸಿಗೋದು ಆರೂಮುಕ್ಕಾಲು ಅಂತ ಇಟ್ಕೊಳಿ.

ಸಿವಿಲ್ ಓದಿದವಳು, ಭದ್ರಾವತಿ:
ಎತ್ತರದ ಮಾತು ಬಂದಿದ್ದು ಒಳ್ಳೇದಾಯ್ತು, ಎಲ್ರೂ ಅಗಲಕ್ಕೇ ಜಗಳ ಆಡ್ತಾರೆ, ಆಮೇಲೆ ತಾಪತ್ರಯ ಕೊಡೋದು ಎತ್ತರ. ಕೋಣಂದೂರಿನ ಅಣ್ಣ, ನಿಮ್ಮ ಲೆಕ್ಕನೇ ಹಾಕೋಣ. ಬೊಲೆರೊ ಎತ್ತರ 1880 ಮಿಲಿಮೀಟರ್, ಅಂದ್ರೆ ಆರಡಿ ಎರಡು ಇಂಚು. ಮೇಲೆ ಕ್ಯಾರಿಯರ್ ಇದೆಯಾ? ಇದ್ರೆ ಅಥವಾ ಮುಂದೆ ಹಾಕಿಸೋದಾದ್ರೆ 7-8 ಇಂಚು ಹಿಡೀರಿ. ಆರಡಿ ಹತ್ತು ಇಂಚು ಆಯ್ತು. ಈಗ ಇಳಿಜಾರು. ಮುಂದಿನ ಚಕ್ರ ಶೆಡ್ಡಿನ ಸಮ ನೆಲಕ್ಕೆ ಬಂದಿರುತ್ತೆ, ಹಿಂದಿನ ಚಕ್ರ ಇನ್ನೂ ಏರಿನ ಮೇಲೇ ಇರುತ್ತೆ, ಆಗ ಗಾಡಿಯ ನಡು ಭಾಗ ಶಟರ್ ಅಡೀಲಿ ಹಾಯುವಾಗ ನೆಲದಿಂದ ಸ್ವಲ್ಪ ಎದ್ದಿರುತ್ತೆ. ಎಂಟು ಅಡಿಗೆ ಒಂದು ಅಡಿ ಇಳಿಯೋ ದಾರಿ, ಬೊಲೆರೊ ಚಕ್ರದಿಂದ ಚಕ್ರಕ್ಕೆ ಸುಮಾರು ಎಂಟೂಮುಕ್ಕಾಲು ಅಡಿ, ಈ ಲೆಕ್ಕಕ್ಕೆ ಮೂರೂವರೆ ಇಂಚು ಹತ್ರ ಏಳುತ್ತೆ, ನಾಲ್ಕು ಅಂತ ಇಟ್ಕೊಳಿ. ಏಳಡಿ ಎರಡು ಇಂಚು ಆಯ್ತಾ? ಅದಕ್ಕೆ ಸಾಗರದ ಅಣ್ಣ ಹೇಳಿದ ನೇತಾಡೋ ಪಟ್ಟಿ ನಾಲ್ಕು ಇಂಚು ಸೇರಿಸಿ. ಏಳೂವರೆ. ನಿಮ್ಮ ಮೇಸ್ತ್ರಿ ಬಿಟ್ಟಿರೋದು 7.

ಅದೂ ಎಲ್ಲಿಂದ 7 ಅಂತ ಕೇಳಿ. ಈಗ ಒಳಗೆ ಮಣ್ಣಿನ ನೆಲ ಇರಬೇಕಲ್ವಾ, ಕಾಂಕ್ರೀಟು ಹಾಕಿ ಮೇಲೆ ಟೈಲ್ಸೋ ಗ್ರಾನೈಟೋ ಹಾಕಿದ್ರೆ ನೆಲ 5-6 ಇಂಚು ಮೇಲೆ ಬರುತ್ತೆ. ಮುಗಿದ ನೆಲದ ಮಟ್ಟ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ಅಲ್ಲಿಂದ ಅಳತೆ ಹಿಡಿರಿ. ನಾನು ನೋಡಿದ ಮೂರು ಮನೇಲಿ ತಪ್ಪು ಆಗಿದ್ದು ಇಲ್ಲೇ.

ಕೋಣಂದೂರು ಕಡೆಯವ:
ಸಂಜೆ ಸೈಟಿಗೆ ಹೋಗಿ ಅಳೆದು ಬಂದೆ. ನೀವು ಹೇಳಿದ್ದು ಸರಿ ಅಕ್ಕ, 7 ಅಡಿ ಅನ್ನೋದು ಮಣ್ಣಿನ ನೆಲದಿಂದ. ನೆಲ ಮುಗಿದ ಮೇಲೆ ಆರೂವರೆ ಉಳೀತಿತ್ತು. ಕ್ಯಾರಿಯರ್ ಇದೆ, ಅಪ್ಪ ಅಡಿಕೆ ಕೊಯ್ಲಲ್ಲಿ ದೋಟಿ, ಹಗ್ಗ, ಟಾರ್ಪಾಲು ಎಲ್ಲಾ ಅದರ ಮೇಲೇ ಕಟ್ಕೊಂಡು ಹೋಗೋದು. ರಾತ್ರಿ ಊಟ ಸೇರ್ಲಿಲ್ಲ ನಂಗೆ. ಮುಂದಿನ ಗೋಡೆ ಪೈಪಿನವರೆಗೆ 9 ಅಡಿ ಇದೆ, ಅದೂ ಸಾಕಾಗಲ್ಲ ಅನ್ಸುತ್ತೆ.

ಶಟರ್ ಕೆಲಸ, ಸಾಗರ:
ಗಾಬರಿ ಬೀಳಬೇಡಿ, ಲಿಂಟಲ್ ಹಾಕಿಲ್ಲ ತಾನೇ, ಇನ್ನೂ ಎಲ್ಲಾ ಕೈಲಿದೆ. ಕಿಂಡಿ ಎತ್ತರ 8 ಅಡಿ ಬಿಡಿ, ಅದಕ್ಕೆ ಒಂದೂವರೆ ಅಡಿ ಸೇರಿಸಿ, ಒಂಬತ್ತೂವರೆಗೆ ಪೈಪ್ ಬರಬೇಕು. ಮಾಡು ಇನ್ನೂ ಕೂರಿಸಿಲ್ಲ ಅಂದ್ರೆ ಮುಂದಿನ ಗೋಡೆ ಮೇಲೆ ಒಂದು ವರಸೆ ಕಲ್ಲು ಜಾಸ್ತಿ ಕಟ್ಟಿಸಿ ಸಾಕು. ಹಿಂದಿನ ಕಡೆಯೂ ಅಷ್ಟೇ ಎತ್ತರಿಸಿದ್ರೆ ಮಾಡಿನ ಇಳಿಜಾರು ಹಾಳಾಗಲ್ಲ.

ಮಳೆ ಕಾಡು, ಆಗುಂಬೆ ದಾರಿ:
ನಂಗೊಂದು ಪ್ರಶ್ನೆ, ಶಟರ್ ಯಾಕೆ ಬೇಕು? ನಮ್ಮ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ, ಕಾರನ್ನ ಪೂರ್ತಿ ಮುಚ್ಚಿದ ಶೆಡ್ಡಲ್ಲಿ ಇಟ್ರೆ ಹದಿನೈದು ದಿನಕ್ಕೆ ಸ್ಟೇರಿಂಗು ಸೀಟು ಬೆಲ್ಟು ಎಲ್ಲಾ ಬೂಷ್ಟು. ನಾವು ಮುಂದೆ ಏನೂ ಹಾಕಿಲ್ಲ, ಮಾಡನ್ನ ನಾಲ್ಕಡಿ ಮುಂದಕ್ಕೆ ಚಾಚಿದೀವಿ, ಮಳೆಗಾಲಕ್ಕೆ ಪಡುವಣ ಕಡೆ ಜಡಿ ತಟ್ಟಿ ಕಟ್ತೀವಿ. ಹಿಂದೆ ದಣಪೆ, ಗಳು ಸರಿಸೋ ಬೇಲಿ ಬಾಗಿಲು, ಇದ್ದ ಕಾಲದಲ್ಲಿ ಎತ್ತಿನ ಗಾಡಿ ಲೀಲಾಜಾಲವಾಗಿ ಒಳಗೆ ಬರ್ತಿತ್ತು, ಮೂರು ಗಳು ಸರಿಸಿದ್ರೆ ಆಯ್ತು, ಅಷ್ಟು ಅಗಲ ಬಿಟ್ಟಿರೋರು ನಮ್ಮ ಹಿರಿಯರು. ಈಗಿನೋರು ಕಾರಿಗೆ ಎಂಟಡಿ ಬಿಡ್ತಾರೆ, ನಂಗಂತೂ ಅರ್ಥ ಆಗಲ್ಲ.

ಕೋಣಂದೂರು ಕಡೆಯವ:
ನೀವು ಹೇಳೋದು ನಂಗೂ ಇಷ್ಟನೇ ಅಣ್ಣ, ಆದ್ರೆ ಅಪ್ಪ ಅಮ್ಮ ಇಬ್ರೇ ಇರೋದು, ಕೊಯ್ಲು ಮುಗಿದ ಮೇಲೆ ಒಣಗಿದ ಅಡಿಕೆ ಚೀಲ ಎರಡು ವಾರ ಅದೇ ಶೆಡ್ಡಲ್ಲಿ ಇಡಬೇಕಾಗ್ತದೆ, ಅದಕ್ಕೆ ಬಾಗಿಲು ಬೇಕೇ ಬೇಕು. ರಾತ್ರಿ ಹೊತ್ತು ಇಲಿ ಕಾರಿನ ವೈರ್ ಕಡಿಯೋದೂ ಇದೆ.

ಶಟರ್ ಕೆಲಸ, ಸಾಗರ:
ಬೂಷ್ಟಿನ ಮಾತು ನಿಜ, ಅದನ್ನ ಹಗುರಾಗಿ ತಗೋಬೇಡಿ. ಎರಡು ಪಕ್ಕದ ಗೋಡೆಗೂ ಮೇಲುಗಡೆ ಜಾಲಿ ಬಿಡಿ, ಒಳಗೆ ಇಲಿ ಬರದಂಗೆ ಸಣ್ಣ ಮೆಶ್ ಹೊಡೆಸಿ. ಇಲ್ಲಾಂದ್ರೆ ಶಟರಿನ ಮೇಲಿನ ಎರಡಡಿ ತೂತಿನ ಪಟ್ಟಿ ಹಾಕಬಹುದು, ಕೆಳಗೆಲ್ಲ ಮುಚ್ಚಿದ್ದು. ಕೆಳತುದಿಗೆ ರಬ್ಬರ್ ಹಾಕಿಸಿ. ಇಳಿಜಾರು ನಿಮ್ಮ ಕಡೆಗೇ ಇರೋದ್ರಿಂದ ಶಟರಿಗೆ ಎರಡಡಿ ಮುಂಚೆ ಅಡ್ಡ ಚರಂಡಿ ತೋಡಿ ಮೇಲೆ ಕಬ್ಬಿಣದ ಜಾಲರಿ ಕೂರಿಸಿ, ಇಲ್ದಿದ್ರೆ ಅಂಗಳದ ನೀರೆಲ್ಲ ಅಡಿಕೆ ಚೀಲದ ಬುಡಕ್ಕೇ ಬರ್ತದೆ. ಆ ಜಾಲರಿ ಮಟ್ಟನೂ ಮುಗಿದ ನೆಲದ ಮಟ್ಟ ನೋಡಿಯೇ ಇಡಬೇಕು.

ಅಡಿಕೆ ಮನೆ ಸೊಸೆ, ಸಿದ್ದಾಪುರ ಗಡಿ:
ಎಲ್ರೂ ಗಾಡಿ ಅಳತೆ ಮಾತಾಡ್ತಾ ಇದೀರಿ, ಆ ಶಟರ್ ಎತ್ತೋರು ಯಾರು? ಕೋಣಂದೂರಿನೋರ ಮನೇಲಿ ಅಪ್ಪ ಅಮ್ಮ ಇಬ್ರೇ ಅಂದ್ರಲ್ಲ. ನಮ್ಮನೇಲಿ 12 ಅಡಿ ಅಗಲ 8 ಅಡಿ ಎತ್ತರದ್ದು ಹಾಕ್ಸಿದಾರೆ, 18 ಗೇಜು, ಗಟ್ಟಿ ಇರಲಿ ಅಂತ. ಅತ್ತೆಗೆ 68 ವರ್ಷ, ಅವರ ಕೈಲಿ ಅಲ್ಲಾಡಿಸಕ್ಕೂ ಆಗಲ್ಲ, ನಂಗೂ ಎರಡು ಸಲ ಸೊಂಟ ಹಿಡ್ಕೊಂಡಿದೆ. ಮಾವ ಮನೇಲಿ ಇಲ್ಲಾಂದ್ರೆ ಸ್ಕೂಟಿ ಕೂಡ ಹೊರಗೆ ತೆಗೆಯಕ್ಕಾಗಲ್ಲ, ಮಳೇಲಿ ಬಸ್ ಸ್ಟ್ಯಾಂಡಿಗೆ ಎರಡು ಕಿಲೋಮೀಟರ್ ನಡ್ಕೊಂಡು ಹೋಗಿದೀನಿ ಸ್ಕೂಟಿ ಮನೇಲಿ ಇಟ್ಕೊಂಡು. ದೊಡ್ಡದು ಮಾಡ್ಸಿ, ಬೇಡ ಅನ್ನಲ್ಲ, ಆದ್ರೆ ಮನೇಲಿ ಇರೋ ಹೆಂಗಸರ ಕೈಗೆ ಆಗ್ತದಾ ಅಂತ ಒಂದು ಸಲ ಅವರನ್ನೇ ಕೇಳಿ.

ಶಟರ್ ಕೆಲಸ, ಸಾಗರ:
ತಂಗಿ ಹೇಳಿದ್ದು ನೂರಕ್ಕೆ ನೂರು ಸತ್ಯ. ಲೆಕ್ಕ ಹೀಗಿದೆ: 8 ಚದರ ಮೀಟರ್ ತನಕ, ಅಂದ್ರೆ 86 ಚದರ ಅಡಿ ತನಕ, ಕೈಯಲ್ಲಿ ಎತ್ತೋ ಮಾಮೂಲಿ ಶಟರ್ ಆಗ್ತದೆ. ಅದರ ಮೇಲೆ ಹೋದ್ರೆ ಬಾಲ್ ಬೇರಿಂಗ್ ಹಾಕ್ಲೇಬೇಕು, 12 ಚದರ ಮೀಟರ್ ದಾಟಿದ್ರೆ ಗೇರು ಬೇಕು, ಚೈನ್ ಎಳೆಯೋದು ಅಥವಾ ಹ್ಯಾಂಡಲ್ ತಿರುಗಿಸೋದು. ತಂಗಿ ಮನೇದು 96 ಚದರ ಅಡಿ, 18 ಗೇಜು, ಬೇರಿಂಗ್ ಇಲ್ಲ ಅನ್ಸುತ್ತೆ, ಯಾರು ಹಾಕಿದ್ರೂ ಅದು ತಪ್ಪು. ಬೇರಿಂಗ್ ಆಮೇಲೆ ಕೂಡ ಹಾಕಬಹುದು, ಸ್ಪ್ರಿಂಗೂ ಬಿಗಿ ಮಾಡ್ಸಿ, ಅರ್ಧ ಭಾರ ಇಳೀತದೆ. ಗೇಜಿನ ವಿಷಯದಲ್ಲಿ ಒಂದು ನೆನಪಿಡಿ, ನಂಬರ್ ಕಮ್ಮಿ ಆದಷ್ಟೂ ತಗಡು ದಪ್ಪ, ಭಾರ ಜಾಸ್ತಿ. ಮನೆಗೆ 20 ಗೇಜ್ ಜಿಐ (ಸತು ಲೇಪಿಸಿದ ತಗಡು) ಸಾಕು. ಕೋಣಂದೂರಿನೋರು 10 ಅಡಿ 8 ಅಡಿ ಮಾಡಿದ್ರೆ 80 ಚದರ ಅಡಿ, ಬೇರಿಂಗ್ ಇಲ್ದೆನೂ ನಡೀತದೆ, ಆದ್ರೆ ಅಮ್ಮನಿಗೋಸ್ಕರ ಹಾಕ್ಸಿಬಿಡಿ.

ಮೋಟರ್ ಹಾಕಿಸೋರು ಕೈಯಿಂದ ಎತ್ತೋ ವ್ಯವಸ್ಥೆನೂ ಇದೆಯಾ ನೋಡ್ಕೊಂಡೇ ತಗೊಳಿ. ಜುಲೈಲಿ ಲೈನ್ ಮೇಲೆ ಮರ ಬಿದ್ರೆ ಎರಡು ದಿನ ಕರೆಂಟು ಇರಲ್ಲ.

ಬಿಳಿ ಬೊಲೆರೊ, ಹೊಸನಗರ:
ಶೆಡ್ಡಿನಿಂದ ಮನೆ ಒಳಗಡೆಗೆ ಒಂದು ಸಣ್ಣ ಬಾಗಿಲು ಬಿಡಿ, ಮೂರಡಿದು. ಸ್ಕೂಟಿ ಅದರಲ್ಲೇ ಹೋಗ್ತದೆ. ನಾವು ಬಿಡ್ಲಿಲ್ಲ, ಈಗ ಬೇಜಾರು.

ಹೊಸ ಸೈಟು, ಗೋಪಾಳ:
ಮಧ್ಯದಲ್ಲಿ ಬಾಯಿ ಹಾಕ್ತಾ ಇದೀನಿ ಕ್ಷಮಿಸಿ. ನಮಗೆ ಎರಡು ಕಾರು ಪಕ್ಕ ಪಕ್ಕ ನಿಲ್ಸೋಕೆ ಜಾಗ ಇದೆ, 20 ಅಡಿ. ಒಂದೇ 16 ಅಡಿ ಶಟರ್ ಮಾಡಿಸೋದಾ, ಎರಡು ಬೇರೆ ಬೇರೆ ಮಾಡಿಸೋದಾ?

ಶಟರ್ ಕೆಲಸ, ಸಾಗರ:
ಎರಡು ಬೇರೆ ಮಾಡ್ಸಿ. 9 ಅಡಿದು ಎರಡು, ಮಧ್ಯೆ ಒಂದು ಕಂಬ. 16 ಅಡಿ ಅಗಲಕ್ಕೆ ಪಟ್ಟಿ ನಡುವೆ ಜೋಲ್ತದೆ, ಗಾಳಿ ಹೊಡೆದ್ರೆ ಚಾನೆಲ್ಲಿಂದ ಆಚೆ ಬರ್ತದೆ. ಒಂದು ಕೆಟ್ರೂ ಇನ್ನೊಂದು ಕಾರು ಹೊರಗೆ ಬರ್ತದಲ್ಲ.

ವಿನೋಬನಗರ 30-40:
ಕೋಣಂದೂರಿನೋರೇ, ಲೆಕ್ಕ ಎಷ್ಟೇ ಹಾಕಿದ್ರೂ ಒಂದು ಕೆಲಸ ಮಾಡಿ. ನಿಮ್ಮ ಅಂಗಳದಲ್ಲೇ ಶೆಡ್ಡಿನ ಎದುರು ಎರಡು ಕೋಲು ನೆಟ್ಟು, 8 ಅಡಿಗೆ ಒಂದು ಸಲ, 9ಕ್ಕೆ ಒಂದು ಸಲ, 10ಕ್ಕೆ ಒಂದು ಸಲ, ಅದೇ ತಿರುವು ತಗೊಂಡು ಗಾಡಿ ಒಳಗೆ ಬಿಟ್ಟು ನೋಡಿ. ನೀವಲ್ಲ, ದಿನಾ ಓಡಿಸೋರು ಬಿಡಬೇಕು. ಕಂಬ ಒಡೆಸೋ ಮೊದಲು ನಾನು ಇದನ್ನ ಮಾಡಿದ್ದೆ.

ಕೋಣಂದೂರು ಕಡೆಯವ:
ಮಾಡಿದ್ವಿ ಸಾರ್. ಇವತ್ತು ಸಂಜೆ ಅಡಿಕೆ ದಬ್ಬೆ ಎರಡು ನೆಟ್ಟು ತುದಿಗೆ ಬಿಳಿ ಬಟ್ಟೆ ಕಟ್ಟಿದ್ವಿ, ಅಪ್ಪನೇ ಓಡ್ಸಿದ್ರು. 8 ಅಡೀಲಿ ಮೂರು ಸಲ ಹಿಂದೆ ಮುಂದೆ ಮಾಡಬೇಕಾಯ್ತು, ನಾಲ್ಕನೇ ಸಲ ಎಡಗಡೆ ದಬ್ಬೆ ಬಿತ್ತು. 9 ಅಡೀಲಿ ಒಳಗೆ ಹೋಯ್ತು, ಆದ್ರೆ ಅಪ್ಪ ಪೂರ್ತಿ ನಿಧಾನ ಮಾಡಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡ್ಕೊಂಡು ಹೋದ್ರು, ಮಳೇಲಿ ತಲೆ ಹೊರಗೆ ಹಾಕಕ್ಕಾಗ್ತದಾ. 10ಕ್ಕೆ ಒಂದೇ ಸಲ ಹೋಯ್ತು, ರಿವರ್ಸೂ ಹಂಗೇ. ಅಪ್ಪ ಇಳಿದು ಬಂದು ಹತ್ತೇ ಇರಲಿ ಅಂದ್ರು, ಬೇರೆ ಏನೂ ಹೇಳ್ಲಿಲ್ಲ. ಅವರಿಗೆ ಕಣ್ಣು ಸ್ವಲ್ಪ ಮಂಜಾಗಿದೆ ಅಂತ ನಂಗೆ ಗೊತ್ತಾಗಿದ್ದೂ ಇವತ್ತೇ, ಬಲಗಡೆ ದಬ್ಬೆ ಕಾಣ್ತಾ ಇಲ್ಲ ಅಂತ ಎರಡು ಸಲ ಕೇಳಿದ್ರು.

ಸಿವಿಲ್ ಓದಿದವಳು, ಭದ್ರಾವತಿ:
ಕಣ್ಣು ಮೊದಲು ತೋರಿಸಿ ಅಣ್ಣ, ಶೆಡ್ಡು ಆಮೇಲೆ. 10 ಅಡಿ ಕಿಂಡಿ ಅಂದ್ರೆ 11 ಅಡಿ ಒಳಗಿನ ಅಗಲದಲ್ಲಿ ಒಂದೊಂದು ಕಡೆ 6 ಇಂಚು ಉಳಿಯುತ್ತೆ, ಒಳಮೈ ಚಾನೆಲ್ಲಿಗೆ ಸರಿಯಾಗಿ ಸಾಕು, ಅದಕ್ಕಿಂತ ಅಗಲ ಮಾಡಬೇಡಿ. 10 ಅಡಿಗೆ ಜಂಬಿಟ್ಟಿಗೆ ಗೋಡೆ ಮೇಲೆ ಮಾಮೂಲಿ ಕಿಟಕಿ ಲಿಂಟಲ್ ಹಾಕಿದ್ರೆ ಸಾಲಲ್ಲ, ಅದು ಬೀಮೇ ಆಗಬೇಕು, ಎರಡು ತುದಿ ಪಕ್ಕದ ಗೋಡೆಗಳ ಮೇಲೂ ಚೆನ್ನಾಗಿ ಕೂರಬೇಕು. ಕಂಬಿ ಎಷ್ಟು ಅಂತ ಇಲ್ಲಿ ಕೇಳಬೇಡಿ, ನಿಮ್ಮ ಇಂಜಿನಿಯರ್ ಸೈಟಿಗೆ ಬಂದು ನೋಡಿ ಬರೆದುಕೊಡಲಿ. ಮುಂದೆ ದೊಡ್ಡ ಗಾಡಿ ತಗೊಂಡ್ರೆ ಉದ್ದನೂ ನೋಡ್ಕೊಳಿ, ಬೊಲೆರೊ 3995 ಮಿಲಿಮೀಟರ್, ಹದಿಮೂರಡಿ ಒಂದು ಇಂಚು ಅಷ್ಟೇ, ಆದ್ರೆ ಸ್ಕಾರ್ಪಿಯೋ ಎನ್ 4662, ಹದಿನೈದಡಿ ನಾಲ್ಕು ಇಂಚು ಹತ್ರ. ಶಟರ್ ಒಳಮೈಗೆ ಇದ್ರೆ ಅದೂ ಸ್ವಲ್ಪ ಜಾಗ ತಿನ್ನುತ್ತೆ, ಹಿಂದೆ ಮುಂದೆ ಸೇರಿ ಎರಡೂವರೆ ಅಡಿನೂ ಉಳಿಯಲ್ಲ.

ಮಳೆ ಕಾಡು, ಆಗುಂಬೆ ದಾರಿ:
ಉದ್ದ ಬೇಕು ಅಂತ ಹಿಂದಿನ ಗುಡ್ಡದ ದರೆ ಕಡಿಯಕ್ಕೆ ಹೋಗಬೇಡಿ. ಮಳೆಗಾಲದಲ್ಲಿ ಜರಿದ್ರೆ ಶೆಡ್ಡೂ ಇಲ್ಲ ಮನೆಯೂ ಇಲ್ಲ.

ಕೋಣಂದೂರು ಕಡೆಯವ:
ದರೆ ಮುಟ್ಟಲ್ಲ ಅಣ್ಣ. ಉದ್ದ 18 ಇದ್ದಿದ್ದು ಹಂಗೇ ಇರ್ಲಿ, ಹಿಂದಿನ ಗೋಡೆಗೆ ಇಡಬೇಕು ಅಂದಿದ್ದ ಕಪಾಟು ಬಿಟ್ವಿ. ಇವತ್ತು ಬೆಳಿಗ್ಗೆ ಮೇಸ್ತ್ರಿ ಹತ್ರ ಕೂತು ಮಾತಾಡಿದ್ವಿ. ಮೊದಲು ಸಿಟ್ಟು ಬಂತು ಅವರಿಗೆ, ಕಟ್ಟಿದ್ದು ಕೀಳೋದು ಅಂದ್ರೆ ಯಾರಿಗಾದ್ರೂ ಬರ್ತದೆ, ಆಮೇಲೆ ದಬ್ಬೆ ನೆಟ್ಟಿದ್ದ ಜಾಗ ತೋರಿಸಿ ಅಪ್ಪ ಇನ್ನೊಂದು ಸಲ ಗಾಡಿ ಓಡಿಸಿ ತೋರಿಸಿದ ಮೇಲೆ ಒಪ್ಪಿದ್ರು. ಎರಡು ಕಡೆ ಒಂದೊಂದು ಅಡಿ ಕಲ್ಲು ತೆಗೆದಾಯ್ತು. ಕಿಂಡಿ 10 ಅಡಿ ಅಗಲ, ಮುಗಿದ ನೆಲದಿಂದ 8 ಅಡಿ ಎತ್ತರ, ನೆಲದ ಗುರುತು ಗೋಡೆಗೆ ಕೆಂಪು ಬಣ್ಣದಲ್ಲಿ ಹಾಕಿದೀವಿ. ಪೈಪ್ ಮಟ್ಟ ಮಣ್ಣಿನ ನೆಲದಿಂದ 9 ಇತ್ತು, ಅದನ್ನ ಮುಗಿದ ನೆಲದಿಂದ ಒಂಬತ್ತೂವರೆ ಮಾಡೋಕೆ ಒಂದು ವರಸೆ ಸಾಲ್ತಿರಲಿಲ್ಲ, ಎರಡು ವರಸೆ ಕಟ್ಟಿಸ್ತಾ ಇದೀವಿ, ಹಿಂದೂ ಅಷ್ಟೇ. ಇಂಜಿನಿಯರ್ ಗುರುವಾರ ಬರ್ತಾರೆ ಬೀಮ್ ನೋಡಕ್ಕೆ. ಮನೆ ಒಳಗೆ ಹೋಗೋ ಮೂರಡಿ ಬಾಗಿಲು ಅಮ್ಮನೇ ಜಾಗ ತೋರಿಸಿದ್ರು, ಅಡುಗೆಮನೆ ಪಕ್ಕಕ್ಕೆ. ಅಪ್ಪನ್ನ ಶನಿವಾರ ಶಿವಮೊಗ್ಗಕ್ಕೆ ಕಣ್ಣಿಗೆ ಕರ್ಕೊಂಡು ಹೋಗ್ತಾ ಇದೀನಿ.

ಶಟರ್ ಕೆಲಸ, ಸಾಗರ:
ಸರಿಯಾಯ್ತು. ಗಾರೆ ಮುಗಿದ ಮೇಲೆ ಮಾತ್ರ ಶಟರ್ ಆರ್ಡರ್ ಕೊಡಿ, ಕಲ್ಲಿನ ಅಳತೆಗೆ ಕೊಡಬೇಡಿ, ಗಾರೆ ಒಂದೊಂದು ಕಡೆ ಮುಕ್ಕಾಲು ಇಂಚು ತಿಂತದೆ. ರೇಟು ಕೇಳೋವಾಗ ಮೇಲೆ ಸುತ್ತೋ ಭಾಗನೂ ಸೇರಿಸಿ ಚದರ ಅಡಿ ಹೇಳ್ತಾ ಇದಾರಾ ಅಂತ ಕೇಳ್ಕೊಳಿ, 80 ಅಂದ್ಕೊಂಡು ಹೋದ್ರೆ ಬಿಲ್ಲು 95ಕ್ಕೆ ಬರ್ತದೆ, ಅದು ಮೋಸ ಅಲ್ಲ, ಲೆಕ್ಕನೇ ಹಂಗೆ. ಚಾನೆಲ್ ಬುಡಕ್ಕೆ, ನೆಲಕ್ಕೆ ತಾಗೋ ಜಾಗಕ್ಕೆ, ಕೂರಿಸೋ ಮೊದಲೇ ಎರಡು ಕೋಟ್ ರೆಡ್ ಆಕ್ಸೈಡ್, ತುಕ್ಕು ತಡೆಯೋ ಬಣ್ಣ, ಹೊಡೆಸಿ, ಕೂರಿಸಿದ ಮೇಲೆ ಬ್ರಷ್ ಹೋಗಲ್ಲ.

ಕೋಣಂದೂರು ಕಡೆಯವ:
ಬರ್ಕೊಂಡೆ ಅಣ್ಣ. ಬೀಮ್ ಹಾಕಿದ ದಿನ ಫೋಟೋ ಹಾಕ್ತೀನಿ.